ಬಸುರಿಯ ಕಣ್ಣೆದುರು ಮಿಂಚು: ನಿಶ್ಶಕ್ತಿಯೋ, ಗಾಳಿ ಸೋಕೋ, ಬಿಪಿಯೋ?

ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಏಳನೇ ತಿಂಗಳಲ್ಲಿ ಕುಬುಸ ಮುಗಿಸಿಕೊಂಡು ಚೊಚ್ಚಲ ಬಸುರಿ ತವರಿಗೆ ಬಂದಿದ್ದಾಳೆ. ಮನೆ ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿದೆ. ಎಂಟು ತಿಂಗಳು ತುಂಬಿದ ಮೇಲೆ ಒಂದು ಸಂಜೆ ಅವಳು, "ಅವ್ವಾ, ತಲಿ ಭಾಳ ನೋಯಾಕತ್ತದ, ಕಣ್ಣ ಮುಂದ ಬೆಳ್ಳಗ ಮಿಂಚಿದಂಗ ಆಗ್ತದ" ಎನ್ನುತ್ತಾಳೆ. "ರಗತ ಕಮ್ಮಿ ಆಗ್ಯದ, ಎರಡು ಖಜೂರಿ ತಿಂದು ಮಲಕೋ" ಎಂದು ಅವ್ವ ಹೇಳುತ್ತಾಳೆ. ಅಮಾವಾಸ್ಯೆ ಹತ್ತಿರ ಬಂದಿದೆ, ಗಾಳಿ ಸೋಕಿರಬೇಕು ಎಂದು ಪಕ್ಕದ ಮನೆಯ ಹಿರಿಯರು ಸೇರಿಸುತ್ತಾರೆ. ಅಣ್ಣ ಮಾತ್ರ ಸ್ವಲ್ಪ ಓದಿದವನು. "ಟೆನ್ಷನ್ ಮಾಡ್ಕೊಂಡು ಬಿಪಿ ಏರಿಸ್ಕೊಂಡಾಳ, ಸುಮ್ಮ ಮಲಗಲಿ" ಎನ್ನುತ್ತಾನೆ.

ಎಲ್ಲರೂ ಅವಳ ಒಳ್ಳೆಯದನ್ನೇ ಬಯಸಿ ಮಾತಾಡಿದ್ದಾರೆ. ಆದರೆ ಯಾರೊಬ್ಬರೂ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡಲಿಲ್ಲ. ಆ ರಾತ್ರಿ ಅವಳಿಗೆ ಫಿಟ್ಸ್ ಬರುವ ಸಾಧ್ಯತೆ ಇದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಲೆನೋವು, ಕಣ್ಣಿನ ಮಿಂಚು, ಫಿಟ್ಸ್ ಈ ಮೂರಕ್ಕೂ ಏನು ಸಂಬಂಧ, ಅದರ ನಡುವೆ ಕೈಗೆ ಸಿಗುವ ಸಮಯ ಎಷ್ಟು, ಆ ಸಮಯದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲನೆಯದಾಗಿ, ಇದು ಯಾವ ಬಿಪಿ?

ನಮ್ಮ ಮಾತಿನಲ್ಲಿ "ಬಿಪಿ" ಎಂದರೆ ಸಿಟ್ಟು. "ನನ್ನ ಬಿಪಿ ಏರಿಸಬ್ಯಾಡ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಹಾಗಾಗಿ ಗರ್ಭಿಣಿಗೆ ಬಿಪಿ ಹೆಚ್ಚಾಗಿದೆ ಎಂದು ನರ್ಸ್ ಹೇಳಿದರೆ, ಹುಡುಗಿ ಚಿಂತೆ ಮಾಡುತ್ತಿದ್ದಾಳೆ, ಸಮಾಧಾನ ಮಾಡಿದರೆ ಸರಿಹೋಗುತ್ತದೆ ಎಂದು ಮನೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಸಂವಹನವನ್ನು ಓದಿದ ನಮಗೆ ಇದು ಬರೀ ಪದದ ಗೊಂದಲ ಅನ್ನಿಸುವುದಿಲ್ಲ. ಒಂದು ಪದಕ್ಕೆ ಎರಡು ಅರ್ಥ ಇದ್ದರೆ, ಕೇಳುವವರು ತಮಗೆ ಮೊದಲೇ ಗೊತ್ತಿರುವ ಅರ್ಥವನ್ನೇ ಹಿಡಿದುಕೊಳ್ಳುತ್ತಾರೆ.

ಬಸುರಿನಲ್ಲಿ ಬರುವ ಈ ಬಿಪಿಯ ಮೂಲ ಸಿಟ್ಟಿನಲ್ಲಿಲ್ಲ, ಮಾಸಿನಲ್ಲಿದೆ. ಮಗುವಿಗೆ ಆಹಾರ, ಆಮ್ಲಜನಕ ತಲುಪಿಸುವ ಮಾಸು ಬೆಳೆಯುವಾಗ ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲವಾಗಿ ಬಿಚ್ಚಿಕೊಳ್ಳಬೇಕು. ಕೆಲವರಲ್ಲಿ ಅವು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಹೆಚ್ಚಾಗಿ ಬಿಡುತ್ತದೆ. ಅದರಲ್ಲಿ ಮುಖ್ಯವಾದ ಒಂದನ್ನು 2003ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಅನಂತ್ ಕರುಮಂಚಿ ಅವರ ತಂಡ ಗುರುತಿಸಿತು. ಈ ಪ್ರೋಟೀನು ತಾಯಿಯ ಮೈತುಂಬ ಇರುವ ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಕೊಡುತ್ತದೆ. ನಾಳಗಳು ಬಿಗಿಯುತ್ತವೆ, ಸೋರುತ್ತವೆ. ಮೂತ್ರಪಿಂಡದಲ್ಲಿ ಸೋರಿದರೆ ಮೂತ್ರದಲ್ಲಿ ಪ್ರೋಟೀನು ಕಾಣುತ್ತದೆ. ಕಣ್ಣು, ಮಿದುಳು, ಯಕೃತ್ತು ಯಾವುದೂ ಇದರಿಂದ ಹೊರತಲ್ಲ.

ಐದನೇ ತಿಂಗಳು, ಅಂದರೆ 20 ವಾರ ಕಳೆದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಿದ್ದು, ಕನಿಷ್ಠ ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದಾಗಲೂ ಹಾಗೇ ಇದ್ದು, ಜೊತೆಗೆ ಮೂತ್ರದಲ್ಲಿ ಪ್ರೋಟೀನು ಅಥವಾ ಬೇರೆ ಅಂಗಕ್ಕೆ ತೊಂದರೆಯಾದ ಗುರುತು ಕಂಡರೆ ಅದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. 160/110 ಮುಟ್ಟಿದರೆ ಅದು ತೀವ್ರ ಸ್ಥಿತಿ. ಆಗ ನಾಳೆಯವರೆಗೆ ಕಾಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಬಸುರಿಯರಲ್ಲಿ ನೂರಕ್ಕೆ 3ರಿಂದ 8 ಮಂದಿಗೆ ಪ್ರಿ-ಎಕ್ಲಾಂಪ್ಸಿಯಾ ಬರುತ್ತದೆ. ವರ್ಷಕ್ಕೆ ಸುಮಾರು 46,000 ತಾಯಂದಿರು ಇದರಿಂದ ಸಾಯುತ್ತಾರೆ.

ಬಿಪಿಗೂ ಕಣ್ಣಿಗೂ ಏನು ಸಂಬಂಧ?

ಇದನ್ನು ತಿಳಿಯಲು ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ನೋಡುವ ಕೆಲಸ ಕಣ್ಣಿನಲ್ಲಿ ಶುರುವಾಗಿ ತಲೆಯ ಹಿಂಭಾಗದಲ್ಲಿ ಮುಗಿಯುತ್ತದೆ. ಕಣ್ಣಿನ ಹಿಂದಿನ ಪರದೆಯಾದ ರೆಟಿನಾ ಬೆಳಕನ್ನು ಹಿಡಿಯುತ್ತದೆ. ಆ ಸುದ್ದಿ ನರಗಳ ಮೂಲಕ ಮಿದುಳಿನ ಹಿಂಭಾಗಕ್ಕೆ, ಅಂದರೆ ತುರುಬು ಕಟ್ಟುವ ಜಾಗದ ಒಳಗಿರುವ ಭಾಗಕ್ಕೆ ಹೋಗುತ್ತದೆ. ಏನು ಕಂಡೆವು ಎಂಬುದು ಗೊತ್ತಾಗುವುದು ಅಲ್ಲಿ. ಗರ್ಭಿಣಿಯ ಬಿಪಿ ಈ ಎರಡೂ ಕಡೆ ಪೆಟ್ಟು ಕೊಡಬಲ್ಲದು.

ಕಣ್ಣಿನಲ್ಲಿ ಆಗುವುದು ಹೀಗೆ: ರೆಟಿನಾದ ಸಣ್ಣ ರಕ್ತನಾಳಗಳು ಬಿಗಿದುಕೊಂಡಾಗ ಮಸುಕು, ಚುಕ್ಕಿ, ಮಿಂಚು ಕಾಣುತ್ತದೆ. ಕೆಲವೊಮ್ಮೆ ರೆಟಿನಾದ ಕೆಳಗೆ ನೀರು ಸೋರಿ ಅದು ತನ್ನ ಜಾಗದಿಂದ ಮೇಲೇಳುತ್ತದೆ. ಕೇಳಲು ಭಯವಾದರೂ, ಬಿಪಿ ಹತೋಟಿಗೆ ಬಂದು ಹೆರಿಗೆಯಾದ ಮೇಲೆ ಕೆಲವು ವಾರಗಳಲ್ಲಿ ಇದು ಬಹುತೇಕ ತಾನಾಗಿಯೇ ಕೂಡಿಕೊಳ್ಳುತ್ತದೆ.

ಮಿದುಳಿನಲ್ಲಿ ಆಗುವುದು ಬೇರೆ. ಮೈಯಲ್ಲಿ ಬಿಪಿ ಏರಿಳಿದರೂ ಮಿದುಳಿಗೆ ಹೋಗುವ ರಕ್ತ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವಂತೆ ಅಲ್ಲಿನ ರಕ್ತನಾಳಗಳು ನೋಡಿಕೊಳ್ಳುತ್ತವೆ. ಕಾಲುವೆಗೆ ನೀರು ಜೋರಾಗಿ ಬಂದಾಗ ತೂಬನ್ನು ಇಳಿಸಿ ಹೊಲ ಕಾಯುತ್ತೇವಲ್ಲ, ಹಾಗೆ. ಒತ್ತಡ ಮಿತಿ ಮೀರಿದಾಗ, ಒಳಪದರಕ್ಕೆ ಮೊದಲೇ ಪೆಟ್ಟು ಬಿದ್ದಿದ್ದಾಗ, ಈ ತೂಬು ಹಿಡಿತ ತಪ್ಪುತ್ತದೆ. ರಕ್ತದೊಳಗಿನ ನೀರು ಮಿದುಳಿಗೆ ಸೋರಿ ಬಾವು ಬರುತ್ತದೆ. ಮಿದುಳಿನ ಹಿಂಭಾಗದ ನಾಳಗಳಿಗೆ ಈ ರಕ್ಷಣೆ ಕೊಡುವ ನರಗಳು ಕಡಿಮೆ ಇರುವುದರಿಂದ ಅಲ್ಲಿಯೇ ಮೊದಲು ಬಾವು ಕಾಣುತ್ತದೆ ಎಂಬುದು ತಜ್ಞರ ವಿವರಣೆ. ನೋಡುವ ಕೇಂದ್ರ ಇರುವುದೂ ಅಲ್ಲಿಯೇ. ಇದಕ್ಕೆ ಪ್ರೆಸ್ ಎಂಬ ಹೆಸರಿದೆ. ಸ್ಕ್ಯಾನ್ ಚಿತ್ರಗಳೊಂದಿಗೆ ವೈದ್ಯರು ಇದನ್ನು ಒಂದು ಪ್ರತ್ಯೇಕ ಸ್ಥಿತಿಯಾಗಿ ವಿವರಿಸಿದ್ದು 1996ರಲ್ಲಿ.

ಕೆಲವರಿಗೆ ಆಗ ಪೂರ್ತಿ ಕತ್ತಲಾಗುತ್ತದೆ. ವಿಚಿತ್ರ ಎಂದರೆ, ಟಾರ್ಚ್ ಬಿಟ್ಟರೆ ಪಾಪೆ ಸರಿಯಾಗಿಯೇ ಕುಗ್ಗುತ್ತದೆ, ಕಣ್ಣು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಹೆಂಗಸು ಏನೂ ಕಾಣುತ್ತಿಲ್ಲ ಎನ್ನುತ್ತಾಳೆ. ಇಂಥವರನ್ನು "ನಾಟಕ ಮಾಡ್ತಾಳ" ಎಂದು ಬೈಯುವುದೂ ಉಂಟು, ಮೈಮೇಲೆ ಏನೋ ಬಂದಿದೆ ಎನ್ನುವುದೂ ಉಂಟು. ಎರಡೂ ತಪ್ಪು. ತೊಂದರೆ ಇರುವುದು ಕಣ್ಣಿನಲ್ಲಲ್ಲ, ಅದರ ಸುದ್ದಿ ಓದುವ ಮಿದುಳಿನಲ್ಲಿ. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಕೆಲವು ದಿನಗಳಲ್ಲಿ ದೃಷ್ಟಿ ಮರಳುತ್ತದೆ. ಸಿಗದಿದ್ದರೆ ಮುಂದಿನ ಹೆಜ್ಜೆ ಫಿಟ್ಸ್ ಆಗಬಹುದು, ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ರಕ್ತಸ್ರಾವವಾದರೆ ಹೋದದ್ದೆಲ್ಲ ಮರಳುತ್ತದೆ ಎನ್ನುವಂತಿಲ್ಲ.

ಪ್ರಿ-ಎಕ್ಲಾಂಪ್ಸಿಯಾ ಇರುವವಳಿಗೆ ಫಿಟ್ಸ್ ಬಂದರೆ ಅದೇ ಎಕ್ಲಾಂಪ್ಸಿಯಾ. ಈ ಪದ ಗ್ರೀಕ್ ಭಾಷೆಯದು, ಥಟ್ಟನೆ ಹೊಳೆಯುವುದು ಎಂಬ ಅರ್ಥದ ಮೂಲದಿಂದ ಬಂದದ್ದು. ಹೆಸರು ಹಾಗಿದ್ದರೂ, ಬಹಳ ಸಲ ಅದು ಮೊದಲೇ ಸೂಚನೆ ಕೊಟ್ಟು ಬರುತ್ತದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಬಲಭಾಗದಲ್ಲಿ ನೋವು, ವಾಂತಿ, ಮುಖ ಮತ್ತು ಕೈ ಒಮ್ಮೆಲೇ ಊದುವುದು ಇವೇ ಆ ಸೂಚನೆಗಳು. ಎಲ್ಲರಿಗೂ ಸೂಚನೆ ಸಿಗುವುದಿಲ್ಲ. ಹಾಗಾಗಿಯೇ ಏನೂ ಅನ್ನಿಸದಿದ್ದರೂ ಪ್ರತಿ ಭೇಟಿಯಲ್ಲಿ ಬಿಪಿ ನೋಡಬೇಕು.

"ಬಾಣಂತಿ ಸನ್ನಿ" ಎಂದರೆ ಇದೇನಾ?

ನಮ್ಮ ಹಿರಿಯರ ಮಾತಿನಲ್ಲಿ ಬಾಣಂತಿ ಸನ್ನಿ ಎಂಬ ಒಂದು ಹೆಸರಿನ ಕೆಳಗೆ ಕನಿಷ್ಠ ಮೂರು ಬೇರೆ ಬೇರೆ ರೋಗಗಳು ಸೇರಿಕೊಂಡಿವೆ. ಗರ್ಭಕೋಶಕ್ಕೆ ಸೋಂಕು ತಗುಲಿ ಜ್ವರ ಏರಿ ಬಡಬಡಿಸುವುದು ಒಂದು. ಹೆರಿಗೆಯ ನಂತರ ಬರುವ ತೀವ್ರ ಮಾನಸಿಕ ಕಾಯಿಲೆ ಇನ್ನೊಂದು. ಹೆರಿಗೆಯಾದ ಮೇಲೆ ಬರುವ ಎಕ್ಲಾಂಪ್ಸಿಯಾ ಮೂರನೆಯದು. ಮೂರಕ್ಕೂ ಔಷಧ ಬೇರೆ, ಮೂರೂ ತುರ್ತು.

ಹೆಸರು ಹಳೆಯದಾದರೂ ಅದರಲ್ಲಿ ಒಂದು ಒಳ್ಳೆಯ ಗಮನಿಕೆ ಇದೆ. ಅಪಾಯ ಹೆರಿಗೆಯೊಂದಿಗೆ ಮುಗಿಯುವುದಿಲ್ಲ ಎಂಬುದನ್ನು ಹಿರಿಯರು ಕಂಡಿದ್ದರು. ಮಾಸು ಬಿದ್ದ ಮೇಲೆ ರೋಗದ ಮೂಲ ಹೋಗುತ್ತದೆ, ನಿಜ. ಆದರೆ ರಕ್ತನಾಳಗಳು ಸುಧಾರಿಸಲು ದಿನಗಳು ಬೇಕು. ಹೆರಿಗೆಯ ನಂತರದ ಫಿಟ್ಸ್ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ ಬರುತ್ತದೆ. ಕೆಲವರಿಗೆ ಮನೆಗೆ ಬಂದ ಮೇಲೂ ಬರಬಹುದು, ಆರು ವಾರದವರೆಗೂ ಎಚ್ಚರ ಬೇಕು. ಹಾಗಾಗಿ ಬಾಣಂತಿ ಕೋಣೆಯಲ್ಲಿ ಮಲಗಿದವಳು ತಲೆನೋವು, ಕಣ್ಣು ಮಂಜು ಎಂದರೆ "ಥಂಡಿ ಹತ್ಯದ, ಕಿವಿಗೆ ಹತ್ತಿ ಇಟ್ಕೋ" ಎಂದು ಬಿಡುವಂತಿಲ್ಲ.

ನಾವು ಕೇಳುವ ಇನ್ನಷ್ಟು ಮಾತುಗಳು

"ಬಸುರಿನಲ್ಲಿ ಕಾಲು ಊದುವುದು ಸಹಜ." ಅರ್ಧ ನಿಜ. ಸಂಜೆ ಹೊತ್ತಿಗೆ ಪಾದ ಊದಿ ಬೆಳಿಗ್ಗೆ ಇಳಿಯುವುದು ಅನೇಕರಲ್ಲಿ ಸಹಜವೇ. ಮುಖ, ಕೈಬೆರಳು ಊದಿದರೆ, ಬಳೆ ಉಂಗುರ ಬಿಗಿಯಾದರೆ, ಒಂದೇ ವಾರದಲ್ಲಿ ತೂಕ ಬಹಳ ಏರಿದರೆ ಬಿಪಿ ನೋಡಿಸಬೇಕು. ಬಾವು ಇಲ್ಲದೆಯೂ ಈ ರೋಗ ಬರಬಹುದು.

"ಉಪ್ಪು ಬಿಟ್ಟರೆ ಬಿಪಿ ಬರುವುದಿಲ್ಲ." ಪ್ರಿ-ಎಕ್ಲಾಂಪ್ಸಿಯಾ ತಡೆಯಲೆಂದು ಗರ್ಭಿಣಿಯರು ಉಪ್ಪು ಕಡಿಮೆ ಮಾಡಬೇಕಿಲ್ಲ, ಮನೆಯಲ್ಲಿ ಸುಮ್ಮನೆ ಮಲಗಿರಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರೋಗ ಹುಟ್ಟುವುದು ಮಾಸಿನಲ್ಲಿ ಎಂದು ಗೊತ್ತಾದರೆ ಇದು ಆಶ್ಚರ್ಯವಲ್ಲ.

"ಇದು ನಂಜು, ಬದನೆಕಾಯಿ ತಿಂದದ್ದಕ್ಕೆ ಬಂತು." ಗರ್ಭದ ನಂಜು ಎಂಬ ಹೆಸರು ಇದ್ದರೂ ಇದು ಊಟದ ವಿಷವಲ್ಲ. ನಂಜಿನ ಪದಾರ್ಥ ಎಂದು ಒಂದೊಂದೇ ಬಿಡಿಸುತ್ತ ಹೋದರೆ, ಮೊದಲೇ ರಕ್ತ ಕಡಿಮೆ ಇರುವ ಹುಡುಗಿಯ ತಟ್ಟೆ ಇನ್ನಷ್ಟು ಬರಿದಾಗುತ್ತದೆ, ಅಷ್ಟೆ.

"ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಕು, ಉಳ್ಳಾಗಡ್ಡಿ ಮೂಸಿಸಬೇಕು." ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆಗ ಕೈಯಲ್ಲಿ ಕೀಲಿ ಇದ್ದರೆ ಅದಕ್ಕೇ ನಿಂತಿತು ಅನ್ನಿಸುತ್ತದೆ. ಆದರೆ ಎಕ್ಲಾಂಪ್ಸಿಯಾದಲ್ಲಿ ಒಂದು ಫಿಟ್ಸ್ ನಿಂತ ಮೇಲೆ ಇನ್ನೊಂದು ಬರುವ ಅಪಾಯ ಹೆಚ್ಚು. ನಿಂತಿತು ಎಂದು ಸಮಾಧಾನಪಡುವ ಆ ಹೊತ್ತೇ ಆಸ್ಪತ್ರೆಗೆ ಹೊರಡಬೇಕಾದ ಹೊತ್ತು.

ಹಾಗಾದರೆ ಔಷಧ ಏನು?

ಮೆಗ್ನೀಸಿಯಂ ಸಲ್ಫೇಟ್ ಎಂಬ ಲವಣ. ದುಬಾರಿಯದಲ್ಲ, ಹೊಸದೂ ಅಲ್ಲ. 1995ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ, ಎಕ್ಲಾಂಪ್ಸಿಯಾ ಮರುಕಳಿಸುವುದನ್ನು ತಡೆಯಲು ಇದು ಆಗ ಬಳಕೆಯಲ್ಲಿದ್ದ ಬೇರೆ ಎರಡು ಔಷಧಗಳಿಗಿಂತ ಸ್ಪಷ್ಟವಾಗಿ ಮೇಲು ಎಂದು ಗೊತ್ತಾಯಿತು. 2002ರಲ್ಲಿ ಪ್ರಕಟವಾದ ಮ್ಯಾಗ್ಪೈ ಅಧ್ಯಯನದಲ್ಲಿ 33 ದೇಶಗಳ 10 ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಪ್ರಿ-ಎಕ್ಲಾಂಪ್ಸಿಯಾ ಇದ್ದು ಈ ಔಷಧ ಪಡೆದವರಲ್ಲಿ ಫಿಟ್ಸ್ ಬರುವ ಸಾಧ್ಯತೆ ಅರ್ಧಕ್ಕಿಂತಲೂ ಕಡಿಮೆಯಾಯಿತು.

ನಮ್ಮ ದೇಶದ ಸರ್ಕಾರಿ ನಿಯಮಗಳಂತೆ, ಎಕ್ಲಾಂಪ್ಸಿಯಾ ಬಂದವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ತರಬೇತಿ ಪಡೆದ ಎಎನ್‌ಎಂ ಸಿಸ್ಟರ್ ಕೂಡ ಮೊದಲ ಡೋಸ್ ಕೊಡಬಹುದು. ಎರಡು ಪೃಷ್ಠಗಳಿಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ. ಸುರಪುರದಿಂದ ಕಲಬುರಗಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆ ದಾರಿಯಲ್ಲಿ ಇನ್ನೊಂದು ಫಿಟ್ಸ್ ಬರುತ್ತದೋ ಇಲ್ಲವೋ ಎಂಬುದನ್ನು ಹೊರಡುವ ಮುಂಚೆ ಬಿದ್ದ ಆ ಇಂಜೆಕ್ಷನ್ ನಿರ್ಧರಿಸಬಹುದು. ಮೆಗ್ನೀಸಿಯಂ ಫಿಟ್ಸ್ ತಡೆಯುತ್ತದೆ, ಬಿಪಿಯನ್ನು ಇಳಿಸಲು ಬೇರೆ ಮಾತ್ರೆ, ಇಂಜೆಕ್ಷನ್ ಬೇಕು. ರೋಗದಿಂದ ಪೂರ್ತಿ ಬಿಡುಗಡೆ ಹೆರಿಗೆಯಿಂದಲೇ. ಯಾವಾಗ ಹೆರಿಗೆ ಮಾಡಿಸಬೇಕು ಎಂಬುದನ್ನು ತಾಯಿಯ ಸ್ಥಿತಿ, ಮಗುವಿನ ವಾರ ಎರಡನ್ನೂ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ಕರ್ನಾಟಕದ ಅಧ್ಯಯನಗಳು ಹೇಳಿದ್ದೇನು?

ಈ ವಿಷಯದಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲೇ ದೊಡ್ಡ ಕೆಲಸ ನಡೆದಿದೆ. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಕೆನಡಾದ ತಂಡದ ಜೊತೆ ಕ್ಲಿಪ್ ಎಂಬ ಅಧ್ಯಯನ ನಡೆಸಿದರು. ಆಶಾ ಕಾರ್ಯಕರ್ತೆಯರು, ಸಿಸ್ಟರುಗಳು ಮನೆಮನೆಗೆ ಹೋಗಿ ಬಿಪಿ ನೋಡಿದರು. ಲಕ್ಷಣಗಳನ್ನು ಮೊಬೈಲ್ ಆ್ಯಪ್‌ಗೆ ಹಾಕಿ, ಅಪಾಯ ಎಷ್ಟು, ಯಾವಾಗ ಕಳಿಸಬೇಕು ಎಂದು ತಿಳಿದುಕೊಂಡರು. ಅಗತ್ಯ ಬಿದ್ದವರಿಗೆ ಬಿಪಿ ಮಾತ್ರೆ, ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸುವುದು ಯೋಜನೆಯ ಭಾಗವಾಗಿತ್ತು.

ಫಲಿತಾಂಶವನ್ನು ಇದ್ದ ಹಾಗೆ ಹೇಳಬೇಕು. ಒಟ್ಟಾರೆ ಲೆಕ್ಕದಲ್ಲಿ ಸಾವು ಮತ್ತು ಗಂಭೀರ ತೊಂದರೆಗಳು ಕಡಿಮೆಯಾಗಲಿಲ್ಲ. ಭಾರತ, ಪಾಕಿಸ್ತಾನ, ಮೊಜಾಂಬಿಕ್ ಮೂರೂ ದೇಶಗಳ ಲೆಕ್ಕ ಕೂಡಿಸಿದಾಗಲೂ ಅದೇ ಕಂಡಿತು. ಆದರೆ ಎಂಟು ಅಥವಾ ಹೆಚ್ಚು ಭೇಟಿ ಸಿಕ್ಕವರಲ್ಲಿ ತೊಂದರೆ ಕಡಿಮೆ ಇತ್ತು. ನಮಗೆ ಇದರಿಂದ ತೋರುವುದು ಇಷ್ಟು: ಒಂದೆರಡು ಸಲ ಬಿಪಿ ನೋಡಿ ಬಿಟ್ಟರೆ ಸಾಲದು, ಹೆಣ್ಣುಮಗಳು ಆಸ್ಪತ್ರೆ ಮುಟ್ಟಿದಾಗ ಅಲ್ಲಿಯೂ ವೈದ್ಯರು, ಔಷಧ, ರಕ್ತ ಸಿದ್ಧವಿರಬೇಕು.

ಇನ್ನೊಂದು ಕೆಲಸ ಬೆಂಗಳೂರಿನದು. ಕ್ಯಾಲ್ಸಿಯಂ ಮಾತ್ರೆ ಪ್ರಿ-ಎಕ್ಲಾಂಪ್ಸಿಯಾದ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ, ಅದರಲ್ಲೂ ಊಟದಲ್ಲಿ ಹಾಲು ಮೊಸರು ಕಡಿಮೆ ಇರುವವರಲ್ಲಿ. ಎಷ್ಟು ಕೊಟ್ಟರೆ ಸಾಕು? ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಚೊಚ್ಚಲ ಬಸುರಿನ 11,000 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ದಿನಕ್ಕೆ 500 ಮಿಲಿಗ್ರಾಂ ಪಡೆದವರಲ್ಲಿ ನೂರಕ್ಕೆ 3.0, 1500 ಮಿಲಿಗ್ರಾಂ ಪಡೆದವರಲ್ಲಿ ನೂರಕ್ಕೆ 3.6 ಮಂದಿಗೆ ಪ್ರಿ-ಎಕ್ಲಾಂಪ್ಸಿಯಾ ಬಂದಿತ್ತು. ಅಂದರೆ ಕಡಿಮೆ ಡೋಸ್ ಹೆಚ್ಚಿನ ಡೋಸಿಗಿಂತ ಹಿಂದೆ ಬೀಳಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ಕಪಾಟಿನಲ್ಲಿ ಇಡಬೇಡಿ, ಹೇಳಿದಂತೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯನ್ನೂ ಅದನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಕೆಲವು ಗಂಟೆ ಬಿಡಿ. ಅಪಾಯ ಹೆಚ್ಚಿರುವ ಕೆಲವರಿಗೆ ವೈದ್ಯರು ನಾಲ್ಕನೇ ತಿಂಗಳೊಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ. ಹಿಂದಿನ ಬಸುರಿನಲ್ಲಿ ಬಿಪಿ ಬಂದಿದ್ದರೆ, ಮೊದಲೇ ಬಿಪಿ, ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದರೆ, ಅವಳಿ ಮಕ್ಕಳಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಆಸ್ಪಿರಿನ್ ಅನ್ನು ಸ್ವಂತವಾಗಿ ತೆಗೆದುಕೊಳ್ಳಬೇಡಿ.

ರಂಗಂಪೇಟೆಯ ಆ ಮನೆಗೆ ಮರಳೋಣ

ಆ ಹುಡುಗಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಏಳನೇ ತಿಂಗಳವರೆಗೆ ಅವಳ ಬಿಪಿ ನೋಡಿದ್ದು ಗಂಡನ ಮನೆಯ ಊರಿನಲ್ಲಿ, ಅಥವಾ ದುಡಿಯಲು ಹೋದ ಬೆಂಗಳೂರಿನಲ್ಲಿ. ರೋಗ ಜೋರಾಗುವ ಎಂಟು, ಒಂಬತ್ತನೇ ತಿಂಗಳಲ್ಲಿ ಅವಳು ತವರಿನಲ್ಲಿದ್ದಾಳೆ. ಅಲ್ಲಿಯ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಹೆಸರು ಜಾರಿದೆ, ಇಲ್ಲಿಯ ಪಟ್ಟಿಗೆ ಇನ್ನೂ ಸೇರಿಲ್ಲ. ಹಾಗಾಗಿ ಕುಬುಸದ ಸೀರೆ, ಬಳೆಯ ಜೊತೆಗೆ ತಾಯಿ ಕಾರ್ಡನ್ನೂ ಚೀಲದಲ್ಲಿ ಹಾಕಿ ಕಳಿಸಿ. ತವರಿಗೆ ಬಂದ ವಾರದಲ್ಲೇ ಅಲ್ಲಿಯ ಆಶಾ ಅಕ್ಕನಿಗೆ ತಿಳಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ಉಚಿತ ತಪಾಸಣೆ ಇರುತ್ತದೆ. ಹೋದಾಗ ಬಿಪಿ ಮತ್ತು ಮೂತ್ರ ಎರಡನ್ನೂ ನೋಡಿಸಿ, ಎಷ್ಟಿದೆ ಎಂದು ಕೇಳಿ, ಕಾರ್ಡಿನಲ್ಲಿ ಬರೆಸಿ. "ಬಿಪಿ ನಾರ್ಮಲ್ ಅದ" ಎನ್ನುವುದಕ್ಕಿಂತ ಅಂಕಿ ಒಳ್ಳೆಯದು. ಕಳೆದ ತಿಂಗಳು 110/70 ಇದ್ದದ್ದು ಈಗ 138/88 ಆಗಿದ್ದರೆ, ಅದು ಏರುತ್ತಿದೆ ಎಂದು ಅಂಕಿ ಮಾತ್ರ ಹೇಳಬಲ್ಲದು. ಬಿಪಿ ನೋಡುವ ಮುನ್ನ ಐದು ನಿಮಿಷ ಕುಳಿತಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು.

ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮಿಂಚು ಕಂಡರೆ ಅದೇ ಹೊತ್ತಿಗೆ ಹತ್ತಿರದ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ. ಕಣ್ಣಿನ ಅಂಗಡಿಗೆ ಹೋಗಿ ಚಷ್ಮಾ ಮಾಡಿಸುವ ವಿಷಯ ಇದಲ್ಲ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ, "ಗರ್ಭಿಣಿ, ತಲೆನೋವು, ಕಣ್ಣು ಕಾಣಿಸುತ್ತಿಲ್ಲ" ಎಂದು ಸ್ಪಷ್ಟವಾಗಿ ಹೇಳಿ. ದೇವರಿಗೆ ಹರಕೆ ಹೊರುವವರು ಹೊರಲಿ, ಗಾಡಿಯಲ್ಲಿ ಕೂತುಕೊಂಡೇ ಹೊರಬಹುದು.

ಫಿಟ್ಸ್ ಬಂದೇಬಿಟ್ಟರೆ ಎಡಮಗ್ಗುಲಿಗೆ ಮಲಗಿಸಿ. ಹತ್ತಿರದ ಕಲ್ಲು, ಕಬ್ಬಿಣ, ಒಲೆ ದೂರ ಮಾಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಗಡಿಯಾರ ನೋಡಿಕೊಳ್ಳಿ. ನಿಂತ ಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಹೆರಿಗೆ ಸುಸೂತ್ರವಾಗಿ ಮುಗಿದು ಬಿಪಿ ಇಳಿದ ಮೇಲೂ ಒಂದು ಮಾತು ನೆನಪಿರಲಿ. ಬಸುರಿನಲ್ಲಿ ಪ್ರಿ-ಎಕ್ಲಾಂಪ್ಸಿಯಾ ಬಂದವರಿಗೆ ಮುಂದೆ ವಯಸ್ಸಾದಂತೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಂಡರೆ ಅದನ್ನೂ ಮೊದಲೇ ಹಿಡಿಯಬಹುದು. ಆ ತಾಯಿ ಕಾರ್ಡನ್ನು ಮಗು ದೊಡ್ಡದಾಯಿತೆಂದು ಎಸೆಯಬೇಡಿ.

ಆ ಸಂಜೆ "ಕಣ್ಣ ಮುಂದ ಮಿಂಚಿದಂಗ ಆಗ್ತದ" ಎಂದ ಹುಡುಗಿಗೆ ಖಜೂರಿ ಕೊಡುವುದು ತಪ್ಪೇನಲ್ಲ. ಅದನ್ನು ದಾರಿಯಲ್ಲಿ ತಿನ್ನಲಿ. ಮೊದಲು ಬಿಪಿ ನೋಡಿಸಿ.